ಚಂದ್ರನ ಮೇಲಿನ ಕಾಟಾ

ನಾನು ಸಾಲೆ ಬಿಟ್ಟದ್ದು ೧೯೭೨ರಲ್ಲಿ, ಏಳನೆಯ ಇಯತ್ತೆಯ ನಡುವೆ. ಆ ವರ್ಷ ಔರಾದ ಕಡೆ ಬಾವಿಗಳೇ ರಜೆ ಹಾಕಿದ್ದವು. ನಾನೂ ಹಾಕಿದ್ದರಲ್ಲಿ ವಿಶೇಷವೇನಿರಲಿಲ್ಲ. ಊರಿನ ಜನ ರಸ್ತೆಗೆ ಜಲ್ಲಿ ಒಡೆಯಲು ಹೋದರು. ನಾನು ಬೀದರಕ್ಕೆ ಬಂದು ಒಂದು ಪ್ರೆಸ್ಸಿನಲ್ಲಿ ಕಸ ಗುಡಿಸಿದೆ, ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತೆ, ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಕಾಲಿನಿಂದ ತುಳಿಯುವ ಸ್ವಂತ ಮಷಿನ್ನಿನ ಮಾಲಕನಾದೆ. ಪದವೀಧರರು ಬರೆದು ತರುವ ಲಗ್ನಪತ್ರಿಕೆಗಳ ತಪ್ಪು ತಿದ್ದುವುದು ನನ್ನ ದಿನದ ಕೆಲಸವಾಗಿತ್ತು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಲಗ್ನಗಳಿಲ್ಲದ ತಿಂಗಳಲ್ಲಿ ಮಷಿನ್ ಸುಮ್ಮನೆ ನಿಲ್ಲುವುದು ನನಗೆ ಸೇರದು. ಅದಕ್ಕಾಗಿ ಒಂದು ಪತ್ರಿಕೆ ಶುರು ಮಾಡಿದೆ. ರಾಕೆಟ್ಟು, ದೆವ್ವ, ಬೇರೆ ಗ್ರಹದವರು, ಎಲ್ಲವೂ ನಗೆಕಥೆಗಳೇ. ಎರಡು ತಿಂಗಳಿಗೊಮ್ಮೆ ಹದಿನಾರು ಪುಟ. ಭಾಲ್ಕಿಗೆ, ಔರಾದಕ್ಕೆ ಹೋಗುವ ಪ್ರತಿಗಳನ್ನು ಬಸ್ಸಿನ ಕಂಡಕ್ಟರರ ಕೈಗೆ ಕೊಡುತ್ತಿದ್ದೆ. ಇಂಥದ್ದನ್ನು ಇಲ್ಲಿ ಯಾರು ಓದುತ್ತಾರೆ ಎಂದು ಕಾಲೇಜಿನ ಮಾಸ್ತರರೊಬ್ಬರು ಕೇಳಿದರು.

"ಸರ್, ನಳದಾಗ ನೀರು ಯಾವಾಗ ಬರ್ತದ ಅಂತ ಬೋರ್ಡಿನ ಮ್ಯಾಲ ಬರದದ್ದು ದಿನಾ ಓದೋ ಮಂದಿರಿ ಇವರು. ಇದನ್ನೂ ಓದ್ತಾರ" ಅಂದೆ.

ಪತ್ರಿಕೆಗೆ ಎರಡೇ ನಿಯಮ. ಕಥೆ ಮೂರು ಪುಟ ದಾಟಬಾರದು. ಸ್ಪಷ್ಟೀಕರಣ, ಕ್ಷಮಾಪಣೆ ಎಂಬವು ಎಂದೂ ಅಚ್ಚಾಗಬಾರದು. ಎರಡನೆಯದು ಮೊದಲನೆಯದಕ್ಕಿಂತ ಕಟ್ಟುನಿಟ್ಟು.

ಮತ್ತೆ ಮಳೆ ಇಲ್ಲದ ವರ್ಷಗಳು ಬಂದವು. ದಸರೆ ಮುಗಿದರೆ ಸಾಕು, ಮಹಾರಾಷ್ಟ್ರದ ಸಕ್ಕರೆ ಕಾರಖಾನೆಗಳಿಗೆ ಜನ ಕೂಡಿಸುವ ಮುಕಾದಮರು ಲಾರಿ ತಂದು ಭಾಲ್ಕಿಯಲ್ಲಿ ನಿಲ್ಲಿಸುತ್ತಿದ್ದರು. ಕಬ್ಬು ಕಡಿಯುವ ಗಂಡ ಹೆಂಡತಿ ಸೇರಿ ಅವರ ಲೆಕ್ಕದಲ್ಲಿ ಒಂದು ಕೊಯತಾ. ಕೊಯತಾ ಅಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿದರೆ ಒಂದು ಕುಡುಗೋಲು ಆಗುತ್ತದೆ ಎಂಬ ಗಣಿತ ಯಾವ ಸಾಲೆಯಲ್ಲೂ ಇಲ್ಲ. ಬಿಟ್ಟು ಬಂದದ್ದಕ್ಕೆ ನನಗೆ ಸಮಾಧಾನವಾಯಿತು.

ಅದರ ಮೇಲೆ ಒಂದು ಕಥೆ ಬರೆದೆ. ಮುಕಾದಮನೊಬ್ಬ ನಮ್ಮ ಜನರನ್ನು ಚಂದ್ರನ ಮೇಲೆ ಕಬ್ಬು ಕಡಿಯಲು ಒಯ್ಯುತ್ತಾನೆ. ಅಲ್ಲಿ ಎಲ್ಲದರ ಭಾರ ಆರರಲ್ಲಿ ಒಂದು ಪಾಲು. ಕೂಲಿಯೋ ಟನ್ನಿನ ಮೇಲೆ. ದಿನವಿಡೀ ಕಡಿದರೂ ಕಾಟಾದ ಮೇಲೆ, ಅಂದರೆ ತಕ್ಕಡಿಯ ಮೇಲೆ, ಕಬ್ಬು ತೂಗುವುದಿಲ್ಲ; ತೂಕದ ಚೀಟಿ ಮುಕಾದಮನ ಕಿಸೆಯಲ್ಲೇ ಉಳಿಯುತ್ತದೆ. ಆಗ ಒಬ್ಬ ಕೂಲಿಯವನು, "ಕಾಟಾದ ಚೀಟಿ ನಮಗೂ ತೋರಸ್ರಿ" ಎನ್ನುತ್ತಾನೆ. ಮುಕಾದಮ ಗಾಜಿನ ಟೋಪಿಯೊಳಗೇ ಬೆವತು ಚೀಟಿ ತೋರಿಸುತ್ತಾನೆ, ಭೂಮಿಯ ತೂಕದ ಕೂಲಿ ಕೊಡುತ್ತಾನೆ. ನಾನೇ ಬರೆದು, ನಾನೇ ಮೊಳೆ ಜೋಡಿಸಿ, ನಾನೇ ನಕ್ಕೆ.

ಹದಿನೈದು ದಿನಕ್ಕೆ ಭಾಲ್ಕಿ ಕಡೆಯ ಮೆಹಕರದ ಗಂಡ ಹೆಂಡತಿ ಪ್ರೆಸ್ಸಿಗೆ ಬಂದರು. ಗಂಡ ನಾಲ್ಕನೆಯ ಇಯತ್ತೆ ಓದಿದವನು. ನನ್ನ ಪತ್ರಿಕೆಯನ್ನು ಊರ ಕಟ್ಟೆಯ ಮೇಲೆ ಓದಿ ಹೇಳುವವನು. ಬುತ್ತಿ, ಹಾಸಿಗೆ, ಎರಡು ಕೊಡ, ಎಲ್ಲ ಕಟ್ಟಿದ ಗಂಟು ಹೆಂಡತಿಯ ತಲೆಯ ಮೇಲೆಯೇ ಇತ್ತು.

"ಮಾಲಕ್ರೆ, ನಿಮ್ಮ ಕಥಿಯಾಗಿನ ಸವಾಲು ನಾ ಮುಕಾದಮಗ ಕೇಳ್ದೆರಿ. ಚೀಟಿ ತೋರಸ್ರಿ ಅಂತ."

"ಏನಂದ?"

"ಹಂಗಾದ್ರ ಚಂದ್ರಗ ಹೋಗೋ ಗಾಡಿ ಹಿಡಿ ಅಂದ. ನಮ್ಮಿಬ್ಬರನ್ನ ಇಳಿಸಿ ಹೋದ."

ಕಥೆಯನ್ನು ಖರೆ ಅಂತ ತಿಳಿದೆಯಾ ತಮ್ಮಾ ಎಂದು ಕೇಳಿದೆ. ಸ್ವಲ್ಪ ನಗುತ್ತಲೇ ಕೇಳಿದೆ. ಅವನು ನಗಲಿಲ್ಲ.

"ಚಂದ್ರನ ಮ್ಯಾಲ ಕಬ್ಬು ಬೆಳೆಯಂಗಿಲ್ಲ ಅಂತ ನಮಗೂ ಗೊತ್ತದರಿ. ಮುಕಾದಮ ಜವಾಬು ಕೊಡ್ತಾನ ಅನ್ನೋದು ಖರೆ ಇರಬೇಕು ಅಂತ ತಿಳ್ಕೊಂಡೆ."

ಹೆಂಡತಿ ಗಂಟು ಇಳಿಸಿದಳು. "ನಗಸೋದು ನಿಮ್ಮ ದಂಧಾ ಅಂತಲ್ರಿ ಅಣ್ಣೋರೆ. ಲಾರಿ ತುಂಬ ಮಂದಿ ನಕ್ಕರು. ನಕ್ಕೋತನೇ ಹೋದರು."

ಊರಲ್ಲಿ ಏಪ್ರಿಲ್ ತನಕ ಕೆಲಸವಿರಲಿಲ್ಲ. ಅದೇ ಮುಕಾದಮನ ಎರಡನೆಯ ಲಾರಿ ಶುಕ್ರವಾರ ಹೊರಡುವುದಿತ್ತು; ಅದು ತಪ್ಪಿದರೆ ಇವರ ಇಡೀ ಸುಗ್ಗಿ ಹೋದಂತೆ. ಮರುದಿನ ಮೂವರೂ ಭಾಲ್ಕಿಗೆ ಹೋದೆವು. ಮುಕಾದಮ ಲಾರಿಯ ಪಕ್ಕ ಕುರ್ಚಿ ಹಾಕಿ ಕೂತಿದ್ದ. ಕಥೆ ನನ್ನದು, ಇವನ ತಪ್ಪೇನಿಲ್ಲ ಅಂದೆ.

"ಗೊತ್ತದ, ಪ್ರೆಸ್ಸಿನೋರೆ. ನಾನೂ ಓದೀನಿ. ನನಗ ಗಾಜಿನ ಟೊಪಗಿ ಹಾಕೀರಿ. ಅದು ಸುಳ್ಳು ಅಂತ ಅಚ್ಚು ಹಾಕ್ರಿ, ಇವರನ್ನ ಒಯ್ತೇನಿ."

ಸುಳ್ಳುಕಥೆಯನ್ನು ಸುಳ್ಳು ಎಂದು ಛಾಪಿಸಬೇಕು. ಮಾಸ್ತರರಿಗೆ ಬಾಗದ ನನ್ನ ಕುತ್ತಿಗೆ ಅಲ್ಲಿ ಬಾಗಿತು. ಹೆಂಗಸು ಕೊಡ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಬೀದರಕ್ಕೆ ಬಂದು ಮೊಳೆ ಜೋಡಿಸಿದೆ. ಶುಕ್ರವಾರ ಮುಂಜಾನೆ ಮತ್ತೆ ಭಾಲ್ಕಿಗೆ ಹೋಗಿ, ಮುಂದಿನ ಸಂಚಿಕೆಗೆಂದು ಅಚ್ಚಾದ ಹಾಳೆಯನ್ನು ಮುಕಾದಮನ ಕೈಗಿತ್ತೆ.

"ಸ್ಪಷ್ಟೀಕರಣ. ಕಳೆದ ಸಂಚಿಕೆಯ ಮುಕಾದಮನಿಗೂ ನಮ್ಮ ಕಡೆಯ ಮುಕಾದಮರಿಗೂ ಯಾವ ಹೋಲಿಕೆಯೂ ಇಲ್ಲ. ಆ ಮುಕಾದಮ ಕೂಲಿಯವರಿಗೆ ಕಾಟಾದ ಚೀಟಿ ತೋರಿಸುತ್ತಾನೆ. ಇದು ಶುದ್ಧ ಕಲ್ಪನೆ. ಸಂಪಾದಕ."

ಅವನು ಎರಡು ಸಲ ಓದಿದ. "ಈಗ ಖರೆ ಬರದೀರಿ ನೋಡ್ರಿ" ಎಂದು ಮಡಚಿ ಕಿಸೆಗೆ ಹಾಕಿಕೊಂಡು, ಇಬ್ಬರಿಗೂ ಲಾರಿ ಏರಲು ಕೈ ಮಾಡಿದ.

ನಾನೇ ಗೆದ್ದೆ ಎಂದುಕೊಂಡು ತಿರುಗಿ ಬಸ್ಸು ಹತ್ತಿದೆ. ಹಲಬರ್ಗಾ ದಾಟುವಷ್ಟರಲ್ಲಿ ಗೆಲುವು ಇಳಿಯಿತು. ಅವನು ಹೇಳಿದ್ದು ಬರೋಬ್ಬರಿ ಇತ್ತು. ನಾನು ಖರೆ ಬರೆದದ್ದು ಆ ಹಾಳೆಯಲ್ಲಿ ಮಾತ್ರ.

ಯುಗಾದಿ ಹತ್ತಿರ ಬಂದಾಗ ಇಬ್ಬರೂ ಮರಳಿ ಬಂದರು. ಕಪ್ಪಾಗಿ, ಒಣಗಿ ಬಂದರು. ಚೀಟಿ ತೋರಿಸಿದರೇ ಎಂದು ಕೇಳಿದೆ.

"ಇಲ್ರಿ." ಅವನು ಗಂಟಿನಿಂದ ಒಂದು ವಹಿ ತೆಗೆದ. ಗುಡಿಸಲುಗಳಲ್ಲಿ ನನ್ನ ಕಥೆ ಹೇಳಿದ್ದನಂತೆ. ಕೇಳಿದವರೆಲ್ಲ ಚಂದ್ರನ ಬಗ್ಗೆ ಪ್ರಶ್ನೆ ಹಾಕಿದ್ದರು. ಎಲ್ಲವನ್ನೂ ಆ ವಹಿಯಲ್ಲಿ ಬರೆದುಕೊಂಡು ಬಂದಿದ್ದ. ಚಂದ್ರನ ಮೇಲೆ ಒಂದು ಹಗಲು ಹದಿನೈದು ದಿನವಂತೆ, ಹಾಗಾದರೆ ದಿನದ ಕೆಲಸ ಎಂದರೆ ಎಷ್ಟು? ಅಲ್ಲಿ ಹೆರಿಗೆಯಾದರೆ ಕೊಯತಾ ಅರ್ಧವಾಗುತ್ತದೋ, ಒಂದೂವರೆಯಾಗುತ್ತದೋ? ಪದವೀಧರರು ಕಳಿಸುವ ಕಥೆಗಳಲ್ಲಿ ಇಂಥ ವಿಜ್ಞಾನ ನಾನು ನೋಡಿರಲಿಲ್ಲ.

ಹೆಂಡತಿ ಹೊರಡುವಾಗ ಹೇಳಿದಳು: "ಜವಾಬು ಕೊಡೋ ಮುಕಾದಮನ ಕಥಿ ಇನ್ನ ಬ್ಯಾಡ್ರಿ ಅಣ್ಣೋರೆ. ದೆವ್ವದ ಕಥಿನಾದ್ರೂ ನಂಬಬಹುದು."

ಪತ್ರಿಕೆ ನಿಂತು ಬಹಳ ವರ್ಷವಾಯಿತು. ಈಗ ನನ್ನ ಬಳಿ ಇರುವುದು ಇಷ್ಟು. ತುಳಿಯುವ ಮಷಿನ್ ಒಂದು. ಸಂಚಿಕೆಗಳು ನಲವತ್ತೊಂದು. ಅವುಗಳಲ್ಲಿ ಸ್ಪಷ್ಟೀಕರಣ ಒಂದು. ಆ ವಹಿ ಒಂದು, ಅದರಲ್ಲಿ ಪ್ರಶ್ನೆಗಳು ಇಪ್ಪತ್ತಾರು. ಕಥೆಯಾದವು ಹತ್ತೊಂಬತ್ತು, ಉಳಿದವು ಏಳು. ಕಾಟಾದ ಚೀಟಿಯ ಪ್ರಶ್ನೆ ಆ ಏಳರಲ್ಲಿದೆ.