ಮೂರೂವರೆ ಬೆರಳಿನ ಗಿಟಾರು

ಚಿನಕುರಳಿಯ ಶಿವಶಂಕರ್ ಗಿಟಾರು ಹಿಡಿದದ್ದು ಸಂಗೀತದ ಆಸೆಗಲ್ಲ. ಕ್ವಾರಿಯಲ್ಲಿ ಟ್ರಾಕ್ಟರಿಗೆ ಸೈಜುಗಲ್ಲು ತುಂಬುವಾಗ ಕಲ್ಲೊಂದು ಜಾರಿ ಅವನ ಎಡಗೈ ಮೇಲೆ ಬಿತ್ತು. ಉಂಗುರದ ಬೆರಳು ಅರ್ಧ ಹೋಯಿತು, ಉಳಿದವು ಮರಗಟ್ಟಿದವು. ಡಾಕ್ಟರು ರಬ್ಬರ್ ಚೆಂಡೊಂದನ್ನು ಕೊಟ್ಟು, ದಿನಾ ಹಿಸುಕದಿದ್ದರೆ ಕೈ ಸೆಟೆದುಕೊಳ್ಳುತ್ತದೆ ಎಂದರು. ನಲವತ್ತರ ಗಂಡಸು ಜಗಲಿಯ ಮೇಲೆ ಕೂತು ಚೆಂಡು ಹಿಸುಕುವುದನ್ನು ಹೋಗುವವರು ಬರುವವರೆಲ್ಲ ನಿಂತು ನೋಡಿದರು. ನಾಲ್ಕೇ ದಿನಕ್ಕೆ ಚೆಂಡನ್ನು ಹಿತ್ತಲಿಗೆ ಎಸೆದ.

ಹೆಂಡತಿ ದಿವ್ಯ ಈ ಕತೆಯನ್ನು ಕೆ.ಆರ್. ಪೇಟೆಯಲ್ಲಿದ್ದ ತನ್ನ ತಮ್ಮ ಕುಮಾರನಿಗೆ ಫೋನಿನಲ್ಲಿ ಹೇಳಿದಳು. ಅವನು ಕಾಲೇಜಿನ ದಿನಗಳಲ್ಲಿ ಕೊಂಡು ಅಟ್ಟಕ್ಕೆ ಹಾಕಿದ್ದ ಗಿಟಾರನ್ನು ಬೈಕಿಗೆ ಕಟ್ಟಿಕೊಂಡು ಬಂದ.

"ಭಾವ, ಇದ್ರ ತಂತಿ ಒತ್ತಿ. ಬೆರಳೂ ಆಡ್ತವೆ, ಬ್ಯಾಸ್ರಾನೂ ಕಳೀತದೆ."

ಮೊದಮೊದಲು ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಫೋನಿನಲ್ಲಿ ಪಾಠದ ವಿಡಿಯೋ ಹಚ್ಚಿಕೊಂಡು ಕೂರುತ್ತಿದ್ದ. ವಿಡಿಯೋದವನಿಗೆ ಎಲ್ಲ ಬೆರಳೂ ನೆಟ್ಟಗಿದ್ದವು. ಅವನು ಉಂಗುರದ ಬೆರಳಿಡುವ ಕಡೆಗೆಲ್ಲ ಇವನು ಕಿರುಬೆರಳನ್ನು ಎಳೆದು ತಂದ. ಎಟುಕದಿದ್ದರೆ ಆ ತಂತಿಯನ್ನೇ ಬಿಟ್ಟ. ತಪ್ಪೆನ್ನುವವರು ಯಾರೂ ಇರಲಿಲ್ಲ, ಕಿವಿಗೆ ಹಿತವಾದರೆ ಸಾಕಿತ್ತು. ಎರಡು ವರ್ಷದಲ್ಲಿ ಕೈ ಹಿಡಿತಕ್ಕೆ ಬಂತು. ಕ್ವಾರಿಗೆ ಮತ್ತೆ ಹೋಗಲಿಲ್ಲ, ಇನ್ನೆರಡು ಹಸು ಕಟ್ಟಿದ. ಗಿಟಾರು ಮಾತ್ರ ಉಳಿದುಕೊಂಡಿತು.

ಧೈರ್ಯ ಬಂದು ಒಂದು ಶನಿವಾರ ಊರಿನ ಭಜನೆಗೆ ಅದನ್ನು ಒಯ್ದ. ಹಾರ್ಮೋನಿಯಂ ನುಡಿಸುವ ದ್ಯಾವಯ್ಯ ಪಕ್ಕದಲ್ಲೇ ಕೂರಿಸಿಕೊಂಡರು. ಎರಡನೆಯ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಶಿವಶಂಕರ್ ಒಂದು ಸಾಲು ಮುಂದಿದ್ದ. ತಾಳ ಹಾಕುವವರು ತಬ್ಬಿಬ್ಬಾದರು. ದ್ಯಾವಯ್ಯ ಕೂಗಿದರು:

"ಲೇ ಶಿವ, ಎಲ್ಗ್ಲಾ ಅಂಗೆ ಓಡ್ತಾ ಇದ್ದೀಯ? ತಡಿ, ನಾವೂ ಬತ್ತೀವಿ!"

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಒಂದು ವಾರ ಗಿಟಾರು ಮುಟ್ಟಲಿಲ್ಲ.

"ಒಬ್ನೇ ಕುಂತು ಕಲ್ತೆ. ಇನ್ನೊಬ್ರ ಜೊತೆ ಬಾರ್ಸೋದು ಗೊತ್ತಾಗ್ನಿಲ್ಲ ಕಣೇ," ಎಂದ ದಿವ್ಯಳಿಗೆ.

"ಗೊತ್ತಿರೋರ್ತಾವ ಓಗಿ ಕಲ್ಕೊಳಿ. ಅದ್ಕ್ಯಾಕೆ ಮಕ ಇಳಿಬುಟ್ಕೊಂಡು ಕುಂತಿದ್ದೀರಿ?"

ಪಾಂಡವಪುರದಲ್ಲಿ ಮೇಘನ ಎಂಬ ಹುಡುಗಿ ಭಾನುವಾರ ಮನೆಯ ಮಹಡಿಯಲ್ಲಿ ಗಿಟಾರು ಹೇಳಿಕೊಡುತ್ತಿದ್ದಳು. ಕಲಿಯುವವರೆಲ್ಲ ಶಾಲೆಯ ಮಕ್ಕಳು. ಮೊದಲ ದಿನ ಅವನು ಎಡಗೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡೇ ಮೆಟ್ಟಿಲು ಹತ್ತಿದ. ನುಡಿಸಿ ಎಂದಾಗ ಬೈಗುಳಕ್ಕೆ ಸಿದ್ಧನಾಗಿಯೇ ನುಡಿಸಿದ.

"ಹೀಗೆ ಬೆರಳಿಡೋದು ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಮೇಡಂ. ಇರೋದ್ರಲ್ಲೇ ಒಂದಿಸ್ಕೊಂಡೆ."

"ನಾನಾಗಿದ್ರೆ ಕೈ ಬದಲಾಯಿಸಿ, ಬಲಗೈಲಿ ತಂತಿ ಒತ್ತಿ ಅಂತಿದ್ದೆ. ಇದು ನನಗೆ ಹೊಳೀತಾನೇ ಇರ್ಲಿಲ್ಲ. ಹೀಗೇ ಇರ್ಲಿ." ಆಮೇಲೆ ಅಂದಳು: "ಆದ್ರೆ ಕಿರುಬೆರಳು ಎಳೆದು ತರೋವಾಗೆಲ್ಲ ನೀವು ಒಂದು ಗಳಿಗೆ ನಿಂತುಬಿಡ್ತೀರ. ಅದನ್ನು ತುಂಬಿಸೋಕೆ ಆಮೇಲೆ ಓಡ್ತೀರ."

ಎರಡು ವರ್ಷದಲ್ಲಿ ತನಗೆ ಕೇಳಿಸದೇ ಹೋದದ್ದು ಅವಳಿಗೆ ಹತ್ತು ನಿಮಿಷದಲ್ಲಿ ಕೇಳಿಸಿತ್ತು. ಶಿವಶಂಕರನಿಗೆ ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು. ಗಿಟಾರು ಪಕ್ಕಕ್ಕಿಡಿಸಿ ಅವಳು ಐದು ವಾರ ಬರೀ ಚಪ್ಪಾಳೆ ತಟ್ಟಿಸಿದಳು, ಮಕ್ಕಳ ಸಾಲಿನಲ್ಲಿ. ನಡುವೆ ನಾಚಿಕೆಯಾಗಿ ಎರಡು ಭಾನುವಾರ ತಪ್ಪಿಸಿದ. ಹಸುವಿಗೆ ಹುಲ್ಲು ಕೊಯ್ಯುವಾಗ ಕುಡುಗೋಲು ತಾಳಕ್ಕೆ ಸರಿಯಾಗಿ ಬೀಳುತ್ತಿರುವುದು ಗಮನಕ್ಕೆ ಬಂದು, ಮೂರನೆಯ ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಕೂತ.

ಐದು ತಿಂಗಳಾದ ಮೇಲೆ ಮತ್ತೆ ಭಜನೆಗೆ ಹೋದ. ಹೆಚ್ಚೇನೂ ನುಡಿಸಲಿಲ್ಲ, ಎಲ್ಲರ ಜೊತೆ ನಡೆದ. ನಡುವೆ ದ್ಯಾವಯ್ಯನವರೇ ಒಮ್ಮೆ ತಪ್ಪಿದರು. ಇವನು ಮುಂದೆ ಓಡದೆ, ಕಾಲಲ್ಲಿ ತಾಳ ತಟ್ಟುತ್ತಾ ಅದೇ ಸಾಲಿನಲ್ಲಿ ಕಾದ. ಅವರು ಕಣ್ಣೆತ್ತಿ ನೋಡಿ, ತಾಳಕ್ಕೆ ಬಂದು ಸೇರಿದರು.

ಮಂಗಳಾರತಿ ಮುಗಿದ ಮೇಲೆ ಕೇಳಿದರು: "ಮುಂದಿನ ವಾರ ಹೊಣಕೆರೇಲಿ ಭಜ್ನೆ ಐತೆ. ಬತ್ತೀಯೇನ್ಲಾ?"

"ಬತ್ತೀನಿ ದ್ಯಾವಣ್ಣ. ಭಾನ್ವಾರ ಆದ್ರೆ ಮಾತ್ರ ಆಗಾಕಿಲ್ಲ. ಕ್ಲಾಸೈತೆ."