ನಡುಗಡ್ಡಿ ಹಕ್ಕಿಗಳ ಸ್ವಾಗತ

ಗೆಳೆಯರೇ, ಇವತ್ತ ಬಾಗಲಕೋಟಿ ಹಿನ್ನೀರಿನಾಗ ನಮಗ ಅಂಡಮಾನ್ ದರ್ಶನ ಆತು. ಅಕ್ಕನ ಗಂಡ, ಅಂದ್ರ ನಮ್ಮ ಮಾಮಾ, ಅಂಡಮಾನಿಗೆ ಹೋಗಿ ಬಂದಾಗಿಂದ ಅವರಿಗೆ ನಡುಗಡ್ಡಿ ಸುತ್ತೂ ಹುಚ್ಚು ಹಿಡದೈತಿ. ಮೀನ ಹಿಡಿಯವರ ದೋಣಿ ಗೊತ್ತ ಮಾಡಿ ಅಕ್ಕನ್ನ, ನನ್ನ ಕರಕೊಂಡು ಹೊಂಟ್ರು.

ಮೊದಲನೇ ನಡುಗಡ್ಡಿ ಹತ್ರ ಮಾಮಾ ಸ್ನಾರ್ಕೆಲ್ ಕನ್ನಡಕ ಹಾಕ್ಕೊಂಡು, ನಳಿಗಿ ಬಾಯಾಗಿಟ್ಕೊಂಡು ನೀರಾಗ ಮುಳುಗಿದ್ರು. ಮೀಸಿ ತುಂಬ ರಾಡಿ ಮಾಡ್ಕೊಂಡು ಎದ್ದು, “ಏನೂ ಕಾಣವಲ್ದು” ಅಂದ್ರು. ಅಲ್ಲಿತನಾ ನಗೀನ ಇತ್ತು.

ಎರಡನೇದ್ದು ಬರೀ ಉಸುಕು, ಹರಳಿನ ದಿಬ್ಬ. ನಾವು ಇಳಿದ ಕೂಡ್ಲೆ ಬಿಳಿ ಹಕ್ಕಿಗಳು ಚೀರಕೋತ ತಲಿ ಮ್ಯಾಲೆ ಎರಗಾಕತ್ತಿದವು. ಕೆಳಗ ನೋಡಿದ್ರ ಹರಳಿನ ನಡುವ ಚುಕ್ಕಿ ಚುಕ್ಕಿ ತತ್ತಿ.

“ಮಾಮಾ, ನಿಂದರ್ರಿ! ತತ್ತಿ ಅದಾವು, ಹಿಂದ ಸರೀರಿ!” ಅಂತ ಒದರಿದೆ.

“ತಡಿಯವಾ, ಹಕ್ಕಿ ಇಷ್ಟ ಹತ್ರ ಮತ್ತ ಸಿಗೂದಿಲ್ಲ” ಅಂತ ಅವರು ಇನ್ನಷ್ಟು ಒಳಗ ನಡದ್ರು. ಅಕ್ಕ ಫೋಟೊ ಹೊಡಿಯಾಕತ್ತಿದ್ದಳು. ಅವರ ಬೂಟಿನ ಕೆಳಗ ಒಂದು ತತ್ತಿ ಒಡೀತು. ಒಳಗ ಆಗ್ಲೇ ಮರಿ ಮೂಡಿತ್ತು. ಮಾಮಾ ಬೂಟನ್ನ ನೀರಾಗ ಅದ್ದಿ ತೊಳಕೊಂಡ್ರು, ಅಷ್ಟ.

ಅಕ್ಕ ಸಿಟ್ಟಾಗಿದ್ದು ನನ್ನ ಮ್ಯಾಲೆ. “ಒಂದ ತತ್ತಿ ಸಲುವಾಗಿ ದೊಡ್ಡವರಿಗೆ ಹಂಗ ಒದರ್ತಾರೇನು?”

ಈಗ ಮಾಮಾ ಫೋಟೊ ಹಾಕ್ಯಾರ: “ಹಕ್ಕಿಗಳಿಂದ ಪ್ರೀತಿಯ ಸ್ವಾಗತ.” ಅದರಾಗ ಅವರ ಹಿಂದ ನಾನೂ ಅದೇನಿ, ಕೈ ಎತ್ತಿ, ಬಾಯಿ ತಗದು ಒದರಾಕತ್ತೇನಿ. ಕೆಳಗ ಯಾರೋ ಬರದಾರ, “ನಾದಿನಿಗೆ ಎಷ್ಟ ಖುಷಿ ಆಗೇತಿ ನೋಡ್ರಿ!”

ಅಕ್ಕ ಅದಕ್ಕ ಹಾರ್ಟ್ ಒತ್ಯಾಳ.