ಓಣಿಗೆ ಅಡ್ಡ ನಿಂತ ಕಾರು

ಉದ್ಯಾವರದ ಹೊಳೆಬದಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ಆಳುಪ ಅರಸರ ರಾಜಧಾನಿಯಾಗಿದ್ದ ಊರದು. ಈಗ ಉಡುಪಿ ಪೇಟೆ ಹೆದ್ದಾರಿಗುಂಟ ಬೆಳೆದು ಊರನ್ನು ಒಳಗೆ ಹಾಕಿಕೊಂಡಿದೆ. ಆದರೂ ಓಣಿಗೆ ಇಳಿದರೆ ಲಾರಿಗಳ ಸದ್ದು ಅಡಗಿ, ತೆಂಗಿನ ಗರಿ ಬಿದ್ದದ್ದೂ ಕೇಳಿಸುತ್ತದೆ. ಈ ಮೌನವನ್ನು ಯಾರೋ ವಿಡಿಯೊ ಮಾಡಿ ಹಂಚಿದ ಮೇಲೆ ರಜಾದಿನಗಳಲ್ಲಿ ಹೊರಗಿನ ಕಾರುಗಳು ಬರತೊಡಗಿದವು. ಹಿಂದೆ ದೋಣಿ ನಿಲ್ಲುತ್ತಿದ್ದ ಕಡವಿನ ಮೆಟ್ಟಿಲಲ್ಲಿ ಕೂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಚಿಕ್ಕಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಶನಿವಾರದ ಸರದಿ ನನ್ನದು. ನಾನು ಮಣಿಪಾಲದಿಂದ ಬಸ್ಸಿನಲ್ಲಿ ಬರುತ್ತೇನೆ, ಕಟಪಾಡಿಯಿಂದ ಗುರುತಿನ ರಿಕ್ಷಾ ಬರುತ್ತದೆ. ಕಳೆದ ಡಿಸೆಂಬರಿನ ಒಂದು ಶನಿವಾರ ರಿಕ್ಷಾದವರು ಓಣಿಯ ಬಾಯಿಂದಲೇ ಫೋನ್ ಮಾಡಿದರು. ದೊಡ್ಡ ಕಾರೊಂದು ಓಣಿ ತುಂಬ ನಿಂತಿದೆ, ಒಳಗೆ ಬರಲಿಕ್ಕೆ ಜಾಗವಿಲ್ಲ ಎಂದರು.

ಕಡವಿಗೆ ಓಡಿದೆ. ಬಿಳಿ ಪಂಚೆ ಉಟ್ಟವನೊಬ್ಬ ಹೊಳೆ ನೋಡುತ್ತ ಕೂತಿದ್ದ, ಇನ್ನೊಬ್ಬ ಅವನಿಗೆ ಕ್ಯಾಮೆರಾ ಹಿಡಿದಿದ್ದ. ಕಾರು ಯಾರದ್ದು, ಮನೆಯಲ್ಲಿ ಕಾಯಿಲೆಯವರಿದ್ದಾರೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದೆ. ಕ್ಯಾಮೆರಾದವನು ತಿರುಗದೆಯೇ ಸ್ವಲ್ಪ ತಡೆಯಿರಿ ಎಂದು ಕೈ ಮಾಡಿದ. ನನ್ನ ದನಿ ಏರಿತು.

“ಸ್ವಲ್ಪ ಮೆತ್ತಗೆ ಮಾತಾಡಿ ಮೇಡಂ,” ಎಂದ ಪಂಚೆಯವನು. “ನಾವು ಇಲ್ಲಿಗೆ ಬಂದಿರೋದೇ ಶಾಂತಿಗೋಸ್ಕರ.”

“ನಿಮ್ಮ ಶಾಂತಿ ಮತ್ತೆ ನೋಡುವ. ಮೊದಲು ಕಾರು ತೆಗೆಯಿರಿ.”

ಕೀ ಇಟ್ಟುಕೊಂಡವನು ಮೀನಿನವರ ದೋಣಿಯಲ್ಲಿ ಸುತ್ತಲು ಹೋಗಿದ್ದಾನೆ ಎಂದ. ದೋಣಿ ಆಚೆ ದಡದ ಹತ್ತಿರ ಎಲ್ಲೋ ಇತ್ತು.

ಮನೆಗೆ ಬಂದರೆ ಪಕ್ಕದ ಮನೆಯ ಬಾಯಮ್ಮ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದರು. ಚಿಕ್ಕಪ್ಪನನ್ನು ಅದರಲ್ಲಿ ಕೂರಿಸಿ ನಾನೂ ನಡೆದು ಬಂದ ರಿಕ್ಷಾದವರೂ ಎತ್ತಿಕೊಂಡೆವು. ಕಾರಿಗೂ ಓಣಿಬದಿಯ ಕಲ್ಲಿನ ಪಾಗಾರಕ್ಕೂ ನಡುವೆ ಕುರ್ಚಿ ಹಿಡಿಸಲಿಲ್ಲ. ಸೂಜಿ ಚುಚ್ಚುವ ಕೈಯನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಕಲ್ಲಿಗೆ ಉಜ್ಜುತ್ತ, ಚಿಕ್ಕಪ್ಪ ಅಡ್ಡವಾಗಿ ತೂರಿ ಹೋಗಬೇಕಾಯಿತು. ಊರಿನ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದವರು. ತಿರುಗಿ ನೋಡಿದರೆ ಕ್ಯಾಮೆರಾ ನಮ್ಮ ಕಡೆಗಿತ್ತು.

ಆ ಕ್ಷಣದ ಸಿಟ್ಟು ಈಗಲೂ ಮೈಯಲ್ಲಿ ಉಂಟು. ಬಾಯಮ್ಮ ನನಗಿಂತ ಮೊದಲೇ ಹೋಗಿ ಕ್ಯಾಮೆರಾಕ್ಕೆ ಸೆರಗು ಅಡ್ಡ ಹಿಡಿದರು. ತೆಗೆದದ್ದನ್ನೆಲ್ಲ ಅಳಿಸುವವರೆಗೂ ಕದಲಲಿಲ್ಲವಂತೆ.

ಆಸ್ಪತ್ರೆಯಲ್ಲಿ ನಮ್ಮ ಮಂಚ ಬೇರೆಯವರಿಗೆ ಹೋಗಿತ್ತು. ಮಧ್ಯಾಹ್ನದವರೆಗೆ ಕಾದೆವು. ಸಂಜೆ ಚಿಕ್ಕಮ್ಮ ನನ್ನನ್ನೇ ಸಮಾಧಾನ ಮಾಡಲು ಬಂದರು. ಹೊರಗಿನವರು, ಅವರಿಗೆ ಗೊತ್ತಾಗಲಿಲ್ಲವೋ ಏನೋ ಎಂದರು.

“ಇಲ್ಲಿ ಮನೆ ಉಂಟು ಅಂತ ಗೊತ್ತಾಗಲಿಕ್ಕೆ ಎಂತ ಬೇಕು ಚಿಕ್ಕಮ್ಮ? ಅಂಗಳದಲ್ಲಿ ಬಟ್ಟೆ ಒಣಗುತ್ತಿರಲಿಲ್ವಾ?”

ಈಗ ಶನಿವಾರ ಬಂದೊಡನೆ ಓಣಿಯ ಬಾಯಿಗೆ ಎರಡು ಕೆಂಪುಕಲ್ಲು ಅಡ್ಡ ಇಡುತ್ತೇನೆ, ರಿಕ್ಷಾ ಬಂದಾಗ ಸರಿಸುತ್ತೇನೆ. ಸಾರ್ವಜನಿಕ ದಾರಿಯನ್ನು ಹಾಗೆ ಮುಚ್ಚಬಾರದು ಎಂದು ಪಂಚಾಯತ್ ಸದಸ್ಯರು ಬುದ್ಧಿ ಹೇಳಿದರು. ಅದನ್ನು ಕಾರಿನವರಿಗೂ ಹೇಳಿ ಎಂದೆ. ಕಲ್ಲು ಇಡುವುದನ್ನು ಬಿಟ್ಟಿಲ್ಲ.